ಐದನೇ ಸಲ ಎದ್ದದ್ದು

ಎಂಟನೇ ಟೇಕ್ ಕೂಡ ನಿರ್ದೇಶಕ ಫಂಗ್‌ಗೆ ಹಿಡಿಸಲಿಲ್ಲ. ಕುರ್ಚಿಯಿಂದ ಏಳದೆಯೇ ಕೂಗಿದ: "ಹೊಡೀತಿದೀಯೋ, ಹಾಸಿಗೆ ಧೂಳು ಕೊಡವ್ತಿದೀಯೋ?"

ಖಳನ ಪಾತ್ರದ ಸೆಕ್ ವಿಂಗ್-ಹೋಯ್ ಬೆವರು ಒರೆಸಿಕೊಂಡ. ಯುನ್ ಲಾಂಗ್ ಊರಿನ ಆ ಮುಚ್ಚಿದ ಸೋಯಾ ಸಾಸ್ ಕಾರ್ಖಾನೆಯಲ್ಲಿ ಹಳೇ ಹುಳಿವಾಸನೆ ಇನ್ನೂ ಇತ್ತು. ಎದುರಿಗೆ, ಮಣ್ಣಿನ ಜಾಡಿಗೆ ಒರಗಿ, ತುಟಿಯಲ್ಲಿ ಬಣ್ಣದ ರಕ್ತ ಹಚ್ಚಿಕೊಂಡು ಕೂತಿದ್ದವರು ಅರವತ್ನಾಲ್ಕರ ಕ್ವಾನ್ ಯುಕ್-ತೋಂಗ್. ಚಿತ್ರದಲ್ಲಿ ಅವರು ನಾಯಕನ ಗುರು. ನಿಜವಾಗಿ ಖಳನ ಗುರು. ಏಳನೇ ವಯಸ್ಸಿನಿಂದ ಹತ್ತು ವರ್ಷ ವಿಂಗ್-ಹೋಯ್ ಅವರ ನಾಟಕಶಾಲೆಯಲ್ಲೇ ಬೆಳೆದವನು. ಲಾಗ ಹಾಕುವುದು, ಬೀಳುವುದು, ಹೊಡೆದಂತೆ ಕಂಡೂ ಹೊಡೆಯದಿರುವುದು, ಎಲ್ಲವನ್ನೂ ಕಲಿತದ್ದು ಅಲ್ಲಿಯೇ.

ಮೂರು ವರ್ಷದ ಹಿಂದೆ 'ಹವಳದ ನಕ್ಷೆ' ಬಂದಾಗ ಇಡೀ ಹಾಂಗ್‌ಕಾಂಗ್ ಈ ಮುದುಕನನ್ನು ಎತ್ತಿ ಮುದ್ದಾಡಿತ್ತು. ಕಡಲ್ಗಳ್ಳರನ್ನು ಬೆಂಚಿನಿಂದ ಬಡಿಯುತ್ತಲೇ ಚಹಾ ಕುಡಿಯುವ ತಾತ! ಆ ಚಿತ್ರದಲ್ಲಿ ಒಂದು ಹನಿ ರಕ್ತವಿರಲಿಲ್ಲ. ಎರಡನೆಯ ಭಾಗ ಫಂಗ್‌ನ ಕೈಗೆ ಬಂದಾಗ ಅವನು ಮೊದಲು ಬರೆದದ್ದೇ ತಾತನ ಸಾವು. "ನಗಿಸಿದ್ದು ಸಾಕು. ಈ ಸಲ ಜನ ಕೂತ ಕಡೆಯೇ ನಡುಗ್ಬೇಕು" ಎಂದಿದ್ದ.

"ಅಂಗಿಯೊಳಗಿನ ಸ್ಪಂಜು ಉಬ್ಬಿ ಕಾಣ್ತಿದೆ, ತೆಗೀರಿ," ಎಂದ ಈಗ.

"ಬೇಡ ಗುರುಗಳೇ," ವಿಂಗ್-ಹೋಯ್ ಹತ್ತಿರ ಬಂದು ಪಿಸುಗುಟ್ಟಿದ. "ಕೈ ಸ್ವಲ್ಪ ಆಚೀಚೆ ಆದ್ರೂ..."

ಕ್ವಾನ್ ಆಗಲೇ ಪಟ್ಟಿ ಬಿಚ್ಚುತ್ತಿದ್ದರು. "ಒಂದೇ ಸಲಕ್ಕೆ ಮುಗಿಸು, ನಂಗೆ ಸೊಂಟ ನೋವು. ಏನೋ, ಹೆದರ್ತೀಯಾ? ಚಿಕ್ಕವನಿದ್ದಾಗ್ಲೂ ಹೀಗೇ. ಅಳುಮುಂಜಿ!"

ಸುತ್ತ ನಿಂತ ಸಾಹಸ ಕಲಾವಿದರು ನಕ್ಕರು. ವಿಂಗ್-ಹೋಯ್ ನಗಲಿಲ್ಲ. ಹನ್ನೊಂದನೇ ವಯಸ್ಸಿನಲ್ಲಿ, ತಾಯಿ ತೀರಿಕೊಂಡ ಸುದ್ದಿ ಬಂದ ದಿನ, ಮಣ್ಣಿಗೆ ಹೋಗಿಬರುತ್ತೇನೆ ಎಂದು ಕೇಳಿದ್ದಕ್ಕೆ ಇದೇ ಬಾಯಿ ಇದೇ ಮಾತು ಹೇಳಿತ್ತು. ಆಮೇಲೆ ಇವರೇ ಹನ್ನೆರಡು ಬೆತ್ತದೇಟು ಕೊಟ್ಟು, ಮುಖಕ್ಕೆ ಬಣ್ಣ ಬಳಿದು ರಂಗಕ್ಕೆ ತಳ್ಳಿದ್ದರು.

"ಆ್ಯಕ್ಷನ್!"

ಕೂತಲ್ಲಿಂದ ಕ್ವಾನ್ ಎದ್ದರು, ಅದು ಮೊದಲನೇ ಸಲ. ಮೊದಲ ಒದೆತಕ್ಕೇ ಜಾಡಿಯ ಮೇಲೆ ಬಿದ್ದರು. ಜಾಡಿ ಒಡೆಯಿತು. ಎದ್ದರು. ಮುಷ್ಟಿ ಕೆನ್ನೆಗೆ ತಾಗಿತು, ಕೆನ್ನೆಯ ಹತ್ತಿರದ ಗಾಳಿಗಲ್ಲ. ಮತ್ತೆ ಎದ್ದರು. ಕಥೆಯ ಪ್ರಕಾರ ತಾತ ನಾಲ್ಕು ಸಲ ಎದ್ದು, ನಾಲ್ಕನೇ ಸಲ ಬಿದ್ದ ಮೇಲೆ ಸಾಯಬೇಕು. ನಾಲ್ಕನೇ ಏಟಿಗೆ ಪಕ್ಕೆಯೊಳಗೆ ಏನೋ ಲಟಕ್ಕೆಂದದ್ದು ವಿಂಗ್-ಹೋಯ್‌ನ ಗೆಣ್ಣುಗಳಿಗೆ ಗೊತ್ತಾಯಿತು. ಮುದುಕ ಬಿದ್ದರು.

ಆಮೇಲೆ, ಯಾರೂ ಹೇಳದೆ, ಐದನೇ ಸಲ ಎದ್ದರು. ನಿಂತು ಅವನ ಮುಖವನ್ನೇ ನೋಡಿದರು.

ವಿಂಗ್-ಹೋಯ್ ಅಂಗೈಯಿಂದ ಅವರ ಎಡಗಿವಿಗೆ ಅಪ್ಪಳಿಸಿದ. ಬಿದ್ದವರ ಮೇಲೆ ಕೂತು ಮತ್ತೆರಡು ಹೊಡೆದ. ಬಣ್ಣದ ರಕ್ತ ಯಾವುದು, ನಿಜದ್ದು ಯಾವುದು ತಿಳಿಯದಾಯಿತು. ಫಂಗ್ ಮೆಲ್ಲಗೆ, "ಕಟ್. ಇದು. ಇದೇ ಬೇಕಾಗಿತ್ತು," ಎಂದ.

ಮೂರು ಪಕ್ಕೆಲುಬು ಮುರಿದಿದ್ದವು. ಎಡಗಿವಿ ಕಿವುಡಾಗಿತ್ತು. ಆಸ್ಪತ್ರೆಯಲ್ಲಿ ವಿಂಗ್-ಹೋಯ್ ಮಂಚದ ಪಕ್ಕ ಮಂಡಿಯೂರಿದ. "ಗುರುಗಳೇ, ಕೈ ತಪ್ಪಿಬಿಡ್ತು."

"ಸುಳ್ಳು ಬೊಗಳ್ಬೇಡ. ನಿನ್ನ ಕೈ ತಪ್ಪಲ್ಲ. ತಪ್ಪದ ಹಾಗೆ ಕಲಿಸಿದವನು ನಾನು." ಉಸಿರೆಳೆದುಕೊಳ್ಳಲು ಅವರಿಗೆ ಹೊತ್ತು ಹಿಡಿಯಿತು. "ಯಾವುದಕ್ಕೆ ಹೊಡೆದೆ, ಅದನ್ನ ಹೇಳು."

ಅವನು ಹೇಳಿದ. ಸುದ್ದಿ ತಂದ ಸೋದರಮಾವ, ಹನ್ನೆರಡು ಏಟು, ಅವತ್ತು ತೊಟ್ಟ ಕೋತಿಯ ವೇಷ. ಮುದುಕ ಚಾವಣಿ ನೋಡುತ್ತಾ ಕೇಳಿದರು. ಕೊನೆಗೆ, "ನಂಗೆ ನೆನಪಿಲ್ಲ ಕಣೋ," ಎಂದರು. "ನಲವತ್ತು ಮಕ್ಕಳಿದ್ರು. ಎಲ್ಲರಿಗೂ ಹೊಡೀತಿದ್ದೆ."

ಚೀನೀ ಹೊಸವರ್ಷದ ಎರಡನೇ ದಿನ ಚಿತ್ರ ಬಿಡುಗಡೆಯಾಯಿತು. ಮಧ್ಯಾಹ್ನದ ಆಟಕ್ಕೆ ವಾನ್ ಚಾಯ್ ಬಡಾವಣೆಯ ಟಾಕೀಸು ತುಂಬಿತ್ತು. ಹೊಸಬಟ್ಟೆ ತೊಟ್ಟ ಮಕ್ಕಳು, ಕಲ್ಲಂಗಡಿ ಬೀಜ ಸುಲಿಯುವ ಅಜ್ಜಿಯರು. ಕ್ವಾನ್ ಹಟಮಾಡಿ ಬಂದಿದ್ದರು. ಕೊನೆಯ ಸಾಲಿನಲ್ಲಿ, ಟೋಪಿ ಕೆಳಗೆಳೆದುಕೊಂಡು, ಶಿಷ್ಯನ ಪಕ್ಕ ಕೂತಿದ್ದರು. ತೆರೆಯ ಮೇಲೆ ತಾತ ಕಾಣಿಸಿದಾಗ ಶಿಳ್ಳೆ, ಚಪ್ಪಾಳೆ. ಮೊದಲ ಒದೆತಕ್ಕೆ ಕೆಲವರು ನಕ್ಕರು, ತಮಾಷೆ ಇರಬೇಕೆಂದು. ಎರಡನೆಯದಕ್ಕೆ ನಗು ನಿಂತಿತು. ನಾಲ್ಕನೆಯದಕ್ಕೆ ಮಗುವೊಂದು ಚೀರಿತು. ಐದನೆಯದಕ್ಕೆ ಯಾರೋ ತಂಪುಪಾನೀಯದ ಬಾಟಲಿಯನ್ನು ತೆರೆಗೆ ಎಸೆದರು. "ಹಬ್ಬದ ದಿನ ಇದೇನ್ರೋ ಹೆಣ ತೋರಿಸ್ತೀರಾ!" ಮಕ್ಕಳನ್ನು ಎತ್ತಿಕೊಂಡು ಸಾಲುಸಾಲೇ ಎದ್ದು ಹೊರಟರು.

ಕ್ವಾನ್ ಮಾತ್ರ ಅಲುಗಾಡದೆ ನೋಡಿದರು. ಆ ದೃಶ್ಯ ಮುಗಿದ ಮೇಲೆ, "ನಡಿ," ಎಂದರು.

ಹೊರಗೆ ಮೆಟ್ಟಿಲ ಹತ್ತಿರ ಅಗಲ ಭುಜದ ಒಬ್ಬ ಮನುಷ್ಯ, ಅಳುವ ಮಗಳನ್ನು ಹೆಂಡತಿಯ ಕೈಗೆ ಕೊಟ್ಟು, ವಿಂಗ್-ಹೋಯ್‌ನ ಕೊರಳಪಟ್ಟಿ ಹಿಡಿದ. "ಲೋ, ತಾತನ್ನ ಕೊಂದವನು ನೀನೇ ಅಲ್ವಾ?" ಉತ್ತರಕ್ಕೆ ಕಾಯಲಿಲ್ಲ. ಒಂದು, ಎರಡು, ಮೂರು. ಮೂರನ್ನೂ ತಪ್ಪಿಸಿಕೊಳ್ಳುವುದು ವಿಂಗ್-ಹೋಯ್‌ಗೆ ನೀರು ಕುಡಿದಷ್ಟು ಸುಲಭ. ಅವನು ಕೈ ಎತ್ತಲಿಲ್ಲ.

"ಬಿಡಪ್ಪಾ," ಕ್ವಾನ್ ಟೋಪಿ ತೆಗೆದರು. "ನಾನು ಇಲ್ಲೇ ಇದೀನಲ್ಲ."

ಆ ಮನುಷ್ಯನ ಮುಷ್ಟಿ ತಾನಾಗಿ ಸಡಿಲವಾಯಿತು. ಮಗಳು ಬಿಕ್ಕುವುದನ್ನು ನಿಲ್ಲಿಸಿ ದಿಟ್ಟಿಸಿದಳು. ಕ್ವಾನ್ ಅವಳಿಗೆ ತಲೆಯಾಡಿಸಿ, ಶಿಷ್ಯನ ರಟ್ಟೆ ಹಿಡಿದು ರಸ್ತೆಯತ್ತ ನಡೆದರು.

ಟ್ರಾಮ್ ನಿಲ್ದಾಣದಲ್ಲಿ ಅವನನ್ನು ಬೆಳಕಿಗೆ ತಿರುಗಿಸಿ ನಿಲ್ಲಿಸಿದರು. "ಬಾಯಿ ತೆಗಿ." ಹೆಬ್ಬೆರಳಿನಿಂದ ಹಲ್ಲುಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡಿದರು. ಕರವಸ್ತ್ರದಿಂದ ಗದ್ದದ ರಕ್ತ ಒರೆಸಿದರು.

"ನಿಮ್ಮಮ್ಮನ ಹೆಸರೇನು?"

ವಿಂಗ್-ಹೋಯ್ ಹೇಳಿದ. ಅಷ್ಟರಲ್ಲಿ ಟ್ರಾಮ್ ಗಂಟೆ ಬಾರಿಸುತ್ತಾ ಬಂತು, ಹೆಸರು ಆ ಸದ್ದಿನಲ್ಲಿ ಮುಳುಗಿತು. ಮುದುಕ ತಲೆ ತಿರುಗಿಸಿ ಬಲಗಿವಿಯನ್ನು ಅವನ ಬಾಯಿಯ ಹತ್ತಿರಕ್ಕೆ ತಂದರು. ಇಬ್ಬರೂ ಹತ್ತದೆ ನಿಂತೇ ಇದ್ದರು, ಟ್ರಾಮ್ ಹೊರಟುಹೋಯಿತು.