ಗಾಳಿ ಬಂದ ಕಡೆ

ಚಿಕ್ಕವೆಂಕಟಪ್ಪನನ್ನು ಮೇಸ್ತ್ರಿ ಮಾಡಿದ ಸುದ್ದಿ ಕೇಳಿ ಅವನ ಹೆಂಡತಿ ನಾರಾಯಣಮ್ಮ ನಕ್ಕುಬಿಟ್ಟಿದ್ದಳು. ಮುದ್ದೆಯೋ ಅನ್ನವೋ ಎಂದು ಕೇಳಿದರೆ 'ಎರಡೂ ಒಳ್ಳೇದೇ' ಎನ್ನುವ ಗಂಡಸು ಅವನು. ರಾಬರ್ಟ್‌ಸನ್‌ಪೇಟೆಗೆ ಸೀರೆ ತರಲು ಹೋಗಿ, ಹಸಿರು ಚೆನ್ನೋ ಕೆಂಪು ಚೆನ್ನೋ ತಿಳಿಯದೆ, ಅಂಗಡಿಯವನು ಬಾಗಿಲೆಳೆಯುವ ತನಕ ನಿಂತಿದ್ದು ಬರಿಗೈಯಲ್ಲಿ ಬಂದಿದ್ದ. ಯಾರ ಜಗಳ ಕೇಳಿದರೂ ಇಬ್ಬರ ಮಾತೂ ಅವನಿಗೆ ಸರಿಯೆಂದೇ ತೋರುತ್ತಿತ್ತು. ಜನರಿಗೆ ಅವನು ಬೇಕಾದವನಾಗಿದ್ದುದೂ ಅದಕ್ಕೇ. ಗಣಿಯ ಹಳೆಯ ಮೇಸ್ತ್ರಿ ಕೆಲಸ ಬಿಟ್ಟಾಗ ಗುಂಪಿನ ಆರೂ ಮಂದಿ ಒಂದೇ ಬಾಯಲ್ಲಿ ಅವನ ಹೆಸರು ಹೇಳಿದ್ದರು.

ಐವತ್ತೇಳನೇ ಇಸವಿಯ ಮಾಗಿ ಚಳಿಗಾಲ. ದಿನವೂ ನಸುಕಿಗೇ ಬಂಗಾರಪೇಟೆಯಲ್ಲಿ ರೈಲು ಹತ್ತಿ ಅವನು ಚಾಂಪಿಯನ್ ರೀಫ್ಸಿನ ಗಣಿಗೆ ಬರುತ್ತಿದ್ದ. ಆ ಪಯಣ ಅವನಿಗೆ ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಮಂಜಿನಲ್ಲಿ ಬಂಡೆಗುಡ್ಡಗಳು ಬುಡವಿಲ್ಲದೆ ತೇಲುತ್ತಿದ್ದವು. ಚಿನ್ನ ತೆಗೆದು ಬಿಸಾಡಿದ ಹುಡಿಮಣ್ಣಿನ ದಿಬ್ಬಗಳು ಯಾರೋ ಬೆಳದಿಂಗಳನ್ನು ಒಟ್ಟಿ ಮರೆತುಹೋದ ಹಾಗೆ ಬೆಳ್ಳಗೆ ಮಲಗಿರುತ್ತಿದ್ದವು. ಜನರನ್ನು ಇಳಿಸುವ ಕಬ್ಬಿಣದ ತೊಟ್ಟಿಯಲ್ಲಿ ನಿಂತು ನೆಲದೊಳಗೆ ಏಳು ಸಾವಿರ ಅಡಿ ಇಳಿದ ಮೇಲೂ ಆ ಮಂಪರು ಅವನನ್ನು ಬಿಡುತ್ತಿರಲಿಲ್ಲ. ಅಲ್ಲಿನ ಕತ್ತಲು ಬೆಚ್ಚಗೆ, ಒದ್ದೆಯಾಗಿ, ದನದ ಕೊಟ್ಟಿಗೆಯ ಉಸಿರಿನ ಹಾಗೆ ಇರುತ್ತಿತ್ತು.

ಒಂದು ಶುಕ್ರವಾರ ಬೆಳಗಿನ ಪಾಳಿಯಲ್ಲಿ, ಆ ಕತ್ತಲು ಅಲುಗಿತು.

ಮೊದಲು ಸದ್ದೇ ಕೇಳಲಿಲ್ಲ. ಮಲಗಿದವನ ಮಂಚವನ್ನು ಯಾರೋ ಎತ್ತಿ ಹಾಕಿದಂತೆ ನೆಲ ಒಮ್ಮೆ ಮೇಲೆದ್ದು ಕೂತಿತು. ಆಮೇಲೆ ಗುಡುಗು, ಅದರ ಬೆನ್ನಿಗೇ ದೂಳು. ಗಣಿಯವರಿಗೆ ಅದೇನೆಂದು ಹೇಳಿಕೊಡಬೇಕಿರಲಿಲ್ಲ. ಎಲ್ಲೋ ಒತ್ತಡ ತಾಳದೆ ಬಂಡೆ ಸಿಡಿದಿತ್ತು. ದೂಳು ಇಳಿದಾಗ ತಲೆದೀಪದ ಬೆಳಕಿನಲ್ಲಿ ಕಂಡದ್ದು ಇಷ್ಟು: ಏಳು ಜನವೂ ಬದುಕಿದ್ದಾರೆ, ಆಂಜಿನಪ್ಪನ ಮಂಡಿ ಒಡೆದಿದೆ, ತೊಟ್ಟಿಯ ಕಡೆಗೆ ಹೋಗುವ ಸುರಂಗ ಕಲ್ಲಿನಿಂದ ಮುಚ್ಚಿಹೋಗಿದೆ. ಗಾಳಿ ತರುವ ಕೊಳವೆ ಸಣ್ಣಗೆ ಸುಯ್ಯೆನ್ನುತ್ತಿತ್ತು.

"ಎಲ್ಲೂ ಓಗಬ್ಯಾಡ್ರಿ. ಗಾಳಿ ಬತ್ತೈತೆ, ಇಲ್ಲೇ ಕುಂತ್ಕಳಾಣ. ಮೇಲಿನೋರು ಅಗೆದು ತೆಗೀತಾರೆ," ಎಂದ ಶ್ರೀರಾಮಪ್ಪ. ಅವನು ಗುಂಪಿಗೆಲ್ಲ ಹಿರಿಯ. ಇಪ್ಪತ್ತೆರಡು ವರ್ಷ ಗಣಿಯೊಳಗೇ ಸವೆಸಿದವನು.

"ಆ ಗಾಳಿ ಎಷ್ಟೊತ್ತು ಬತ್ತೈತಣ್ಣೇ? ಹಿಂದೆ ಹಳೇ ಏಣಿದಾರಿ ಐತಲ್ಲ, ಮೇಲಿನ ಸುರಂಗಕ್ಕೆ ಅತ್ಕೊಂಡು ಓಗಾಣ," ಎಂದ ಪೆರುಮಾಳ್. ಗಾಬರಿಗೆ ಅವನ ಬಾಯಲ್ಲಿ ತಮಿಳು ಬಂತು. "ಸೊಲ್ಲಣ್ಣೇ ಮೇಸ್ತ್ರಿ, ಬೇಗ ಸೊಲ್ಲು!"

ಚಿಕ್ಕವೆಂಕಟಪ್ಪನಿಗೆ ಇಬ್ಬರದೂ ಸರಿಯೆನಿಸಿತು. ಕಿವಿಯೊಳಗೆ ದುಂಬಿ ಹೊಕ್ಕಂತೆ ಗುಂಯ್‌ಗುಡುತ್ತಿತ್ತು. ಸೆಕೆಯಲ್ಲಿ ಮೈ ಹಗುರವಾಗಿ, ತಾನಿನ್ನೂ ರೈಲಿನಲ್ಲೇ ಕೂತಿದ್ದೇನೆ, ಇನ್ನೊಂದು ಗಳಿಗೆಗೆ ಯಾರಾದರೂ ಭುಜ ಅಲುಗಿಸುತ್ತಾರೆ ಎನಿಸಿತು. ಮನೆಯ ಹಿತ್ತಲಿನ ಹೊಂಗೆಮರ ಕಣ್ಣೆದುರು ಬಂತು. ಅದರ ಬುಡದಲ್ಲಿ ಕೂತುಬಿಟ್ಟರೆ ಸಾಕು ಎನಿಸಿತು. ಎಷ್ಟು ಹೊತ್ತು ಹಾಗೆ ನಿಂತಿದ್ದನೋ, ಅವನಿಗೇ ತಿಳಿಯದು.

ಕಣ್ಣು ಬಿಟ್ಟು ನೋಡಿದರೆ ದೀಪಗಳು ಬೇರೆಬೇರೆಯಾಗಿದ್ದವು. ಇಬ್ಬರು ಶ್ರೀರಾಮಪ್ಪನ ಪಕ್ಕದಲ್ಲಿ ಕೂತಿದ್ದರು. ಪೆರುಮಾಳ್ ಇನ್ನೊಬ್ಬನನ್ನು ಕರೆದುಕೊಂಡು ಏಣಿಯ ಕಡೆ ಆಗಲೇ ಹತ್ತು ಮಾರು ಹೋಗಿದ್ದ. ನಡುವೆ ಆಂಜಿನಪ್ಪ ಮಂಡಿ ಹಿಡಿದುಕೊಂಡು, ಯಾರ ಹಿಂದೆ ತೆವಳಲಿ ಎಂದು ಅತ್ತ ಒಮ್ಮೆ ಇತ್ತ ಒಮ್ಮೆ ತಿರುಗುತ್ತಿದ್ದ. ಆ ಮುಖ ನೋಡಿದ್ದೇ ಚಿಕ್ಕವೆಂಕಟಪ್ಪನ ಮಂಪರು ಹರಿಯಿತು. ತಾನು ಬಾಯಿ ಬಿಡದಿದ್ದರೆ ಈ ಮನುಷ್ಯ ಇಲ್ಲೇ, ಎರಡು ಬೆಳಕಿನ ನಡುವೆ ಉಳಿದುಹೋಗುತ್ತಾನೆ.

"ಪೆರುಮಾಳ್, ನಿಂತ್ಕೋ ಅಲ್ಲೇ!" ಎಂದ. ಅಷ್ಟು ದೊಡ್ಡ ದನಿ ತನ್ನದೆಂದು ಅವನಿಗೇ ನಂಬಿಕೆಯಾಗಲಿಲ್ಲ. "ಎಲ್ಲಾರೂ ಮೇಲಕ್ಕೆ. ಪೆರುಮಾಳ್ ಮುಂದೆ. ಆಂಜಿನಪ್ಪನ್ನ ನಡೂಕೆ ಆಕ್ಕಳ್ರಿ. ನಾನು ಕೊನೇಗೆ ಬತ್ತೀನಿ."

ಶ್ರೀರಾಮಪ್ಪ ಏಳಲಿಲ್ಲ. "ತಪ್ಪಾದ್ರೆ ಏನ್ಲಾ ಮಾಡ್ತೀಯ?"

"ತಪ್ಪಾದ್ರೆ ನಂದೇ ತಪ್ಪು. ಬೈಯಾದಿದ್ರೆ ಮೇಲೋಗಿ ಬೈಯಿ. ಈಗ ಏಳಣ್ಣ, ನಿನ್ನ ಬಿಟ್ಟು ನಾನು ಓಗಲ್ಲ."

ಮುದುಕ ಅವನನ್ನೇ ನೋಡಿದ. ಆಮೇಲೆ ಗೊಣಗುತ್ತಾ ಎದ್ದು ಆಂಜಿನಪ್ಪನ ತೋಳನ್ನು ಹೆಗಲಿಗೆ ಹಾಕಿಕೊಂಡ.

ಏಣಿ ಮುಗಿಯುವಂತೆಯೇ ಇರಲಿಲ್ಲ. ಮೇಲಿನಿಂದ ಬಿಸಿನೀರು ತೊಟ್ಟಿಕ್ಕುತ್ತಿತ್ತು. ಕೊನೆಯಲ್ಲಿದ್ದ ಚಿಕ್ಕವೆಂಕಟಪ್ಪನಿಗೆ ಮೇಲಿನ ದೀಪಗಳು ಹುಣಸೆಮರದಲ್ಲಿ ಕೂತ ಮಿಂಚುಹುಳಗಳಂತೆ ಕಂಡವು. ಅಷ್ಟರಲ್ಲಿ ಪೆರುಮಾಳ್ ಅಳುವಂತೆ ಕೂಗಿದ: "ಮುಚ್ಚೋಗೈತೆ ಅಣ್ಣೇ! ದಾರಿ ಇಲ್ಲ!"

ದೀಪಗಳೆಲ್ಲ ಒಟ್ಟಿಗೆ ಕೆಳಕ್ಕೆ, ಚಿಕ್ಕವೆಂಕಟಪ್ಪನ ಮುಖಕ್ಕೇ ತಿರುಗಿದವು. ಮೈಯೆಲ್ಲ ನಾಚಿಕೆಯಿಂದ ಸುಟ್ಟುಹೋಯಿತು. ಇಳಿಯಿರಿ ಎನ್ನೋಣವೆಂದರೆ ಆಂಜಿನಪ್ಪನಿಗೆ ಇನ್ನೊಮ್ಮೆ ಅಷ್ಟು ಮೆಟ್ಟಿಲು ಆಗದು. ಕೆನ್ನೆಯನ್ನು ಪಕ್ಕದ ಬಂಡೆಗೆ ಒರಗಿಸಿದ. ಬೆವೆತ ಕೆನ್ನೆಗೆ ಏನೋ ತಣ್ಣಗೆ ತಾಗಿತು. ದೀಪ ಹಿಡಿದು ನೋಡಿದರೆ ಕೊಳೆತ ಹಲಗೆಗಳ ಹಿಂದೆ ಒಬ್ಬ ಮನುಷ್ಯ ತೂರುವಷ್ಟು ಹಳೆಯ ಕಂಡಿ. ಎಲ್ಲಿಗೆ ಹೋಗುತ್ತದೋ ಯಾರಿಗೂ ಗೊತ್ತಿರಲಿಲ್ಲ.

"ಮೇಲಿಂದು ತಪ್ಪಾಯ್ತು, ನಂದೇ ತಪ್ಪು," ಎಂದ. "ಇಲ್ಲಿ ತಣ್ಣನೆ ಗಾಳಿ ಬತ್ತೈತೆ. ಗಾಳಿ ಬರೋ ಕಡೆ ಓಗಾಣ. ಈಗ ನಾನು ಮುಂದೆ. ಇಳೀರಿ ನಾಕು ಮೆಟ್ಲು."

ಹಲಗೆ ಒದ್ದು ಒಳಗೆ ತೂರಿದ. ಉಳಿದವರೂ ಒಬ್ಬೊಬ್ಬರಾಗಿ ತೂರಿದರು. ಮೊಣಕೈಗಳು ಕಲ್ಲಿಗೆ ಉಜ್ಜುವ ಸದ್ದು ಹಿಂದಿನಿಂದ ಬರುತ್ತಿತ್ತು. ಕಂಡಿ ಒಮ್ಮೆ ಎದೆ ಅಮುಕುವಷ್ಟು ಸಣ್ಣದಾಯಿತು, ಮತ್ತೆ ಅಗಲವಾಯಿತು. ಗಾಳಿ ಮುಖಕ್ಕೆ ಬಡಿಯುತ್ತಲೇ ಇತ್ತು, ಕೆರೆಯ ಮೇಲಿಂದ ಬಂದಂತೆ. ಎಷ್ಟೋ ಹೊತ್ತಿನ ಮೇಲೆ ಅವನ ಕೈ ಚಾಚಿದಲ್ಲಿ ಕಲ್ಲಿರಲಿಲ್ಲ, ಅದಿರುಬಂಡಿಯ ಕಂಬಿ ಇತ್ತು. ಪಕ್ಕದ ಗಣಿಬಾವಿಗೆ ಸೇರಿದ ಸುರಂಗ ಅದು. ದೂರದಲ್ಲಿ ಯಾರೋ ದೀಪ ಬೀಸುತ್ತಾ ತಮಿಳಿನಲ್ಲಿ ಕೂಗುತ್ತಿದ್ದರು.

ಮಧ್ಯಾಹ್ನದ ಬಿಸಿಲಿಗೆ ಬಂದು ನಿಂತಾಗ ಏಳೂ ಜನ ಬೂದಿ ಬಡಿದ ಬೊಂಬೆಗಳಂತಿದ್ದರು. ಪೆರುಮಾಳ್ ನೆಲದ ಮೇಲೆ ಅಂಗಾತ ಮಲಗಿ ಆಕಾಶ ನೋಡುತ್ತಾ ಸುಮ್ಮನೆ ನಗುತ್ತಿದ್ದ.

ಸಂಜೆಯ ಹೊತ್ತಿಗೆ ಇನ್ನೊಂದು ಸುದ್ದಿ ಬಂತು. ಮುಚ್ಚಿದ ಸುರಂಗವನ್ನು ಅಗೆದು ಬಿಡಿಸಿದ್ದರು. ಅವರು ಮೊದಲು ನಿಂತಿದ್ದ ಜಾಗಕ್ಕೆ ಏನೂ ಆಗಿರಲಿಲ್ಲ. ಕೊಳವೆಯಲ್ಲಿ ಗಾಳಿಯೂ ನಿಂತಿರಲಿಲ್ಲ.

ಆಂಡರ್ಸನ್‌ಪೇಟೆಯ ಚಹಾ ಅಂಗಡಿಯ ಬೆಂಚಿನ ಮೇಲೆ ಇದನ್ನು ಕೇಳಿ ಚಿಕ್ಕವೆಂಕಟಪ್ಪ ತಲೆ ತಗ್ಗಿಸಿದ. "ನೀನೇಳಿದ್ದೇ ಸರಿ ಇತ್ತಣ್ಣ. ಸುಮ್ಕೆ ಎಲ್ಲಾರ ಮೈ ಕೈ ತರಚಿಸ್ದೆ," ಎಂದ ಶ್ರೀರಾಮಪ್ಪನಿಗೆ.

ಶ್ರೀರಾಮಪ್ಪ ಚಹಾವನ್ನು ತಟ್ಟೆಗೆ ಸುರಿದು ಊದಿದ. "ಊಂ ಕಣಪ್ಪ, ಕುಂತಿದ್ರೂ ಬದುಕ್ತಿದ್ವಿ. ಆದ್ರೆ ನೀನು ಕೂಗ್ದೆ ಇದ್ದಿದ್ರೆ ಪೆರುಮಾಳು ಆ ಏಣಿ ತುದೀಲಿ ಒಬ್ನೇ ಇರ್ತಿದ್ದ, ಆಂಜಿನಪ್ಪ ಕತ್ಲಲ್ಲಿ ಒಬ್ನೇ ಇರ್ತಿದ್ದ. ನಾವು ಕುಂತಿರ್ತಿದ್ವಿ." ಒಂದು ಗುಟುಕು ಕುಡಿದ. "ನಿನ್ನ ಬಾಯಿ ತೆಗೆಸಾಕೆ ಬಂಡೆ ಸಿಡೀಬೇಕಾಯ್ತು ನೋಡ್ಲಾ."

ಬೆಂಚಿನವರೆಲ್ಲ ನಕ್ಕರು. ಚಿಕ್ಕವೆಂಕಟಪ್ಪನಿಗೆ ನಗು ಬರಲಿಲ್ಲ. ಮಂಡಿಗೆ ಬಟ್ಟೆ ಸುತ್ತಿಕೊಂಡ ಆಂಜಿನಪ್ಪ ತನ್ನ ತಟ್ಟೆಯ ಬನ್ನನ್ನು ಮುರಿದು ಅರ್ಧವನ್ನು ಅವನ ಮುಂದಿಟ್ಟ. ಅವನು ಅದನ್ನು ತಿನ್ನತೊಡಗಿದ. ತಿನ್ನುತ್ತಾ ತಿನ್ನುತ್ತಾ ಕಣ್ಣಿಂದ ನೀರು ಸುರಿಯಿತು, ಒರೆಸಿಕೊಳ್ಳಲಿಲ್ಲ.