ಉರಿ ನಿಂತ ಮೇಲೆ

ರೊಟ್ಟಿಯ ತುಣುಕು ಗಂಟಲು ದಾಟಿ ಎದೆಯಲ್ಲಿ ಸಿಕ್ಕಿಕೊಂಡಿತು. ಮಾಸ್ತಪ್ಪ ನೀರು ಕುಡಿದ. ನೀರೂ ವಾಪಸು ಬಂತು. ಕೆಮ್ಮು ನಿಂತ ಕೂಡಲೇ ತಟ್ಟೆ ಎತ್ತಿ ಹೆಂಡತಿಯ ಮೇಲೆ ಬೀಸಿದ. "ರೊಟ್ಟಿನೋ ಕುರಿ ಚರ್ಮನೋ ಇದು?"

ಉಚ್ಚಂಗಮ್ಮ ಪಲ್ಯ ಮೆತ್ತಿದ ಸೆರಗು ಒರೆಸಿಕೊಂಡು, "ಶಿವಮೊಗ್ಗಕ್ಕೆ ಹೋಗಾನ್ರಿ" ಎಂದಳು.

ನಾಲ್ಕು ವರ್ಷದ ಹಿಂದೆ ಎದೆಯುರಿ ತಾಳಲಾರದೆ ಅಲ್ಲಿನ ಆಸ್ಪತ್ರೆಗೆ ಹೋಗಿ ಅವನು ಗಂಟಲೊಳಗೆ ಕ್ಯಾಮೆರಾ ಇಳಿಸಿಕೊಂಡಿದ್ದ. ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು: "ಹೊಟ್ಟೆಯ ಹುಳಿ ಮೇಲೆ ಬಂದು ಬಂದು ಅನ್ನನಾಳದ ಒಳಪದರ ಬದಲಾಗಿದೆ. ಅಲ್ಲಲ್ಲಿ ಕೆಡೋಕೂ ಶುರುವಾಗಿದೆ. ಈಗ ಕ್ಯಾನ್ಸರ್ ಅಲ್ಲ, ಮುಂದೆ ಆಗಬಹುದು. ಮಾತ್ರೆ ಬಿಡಬೇಡಿ. ವರ್ಷಕ್ಕೊಂದು ಸಲ ಬಂದು ತೋರಿಸಿ."

ಮೂರೇ ವಾರದಲ್ಲಿ ಉರಿ ನಿಂತಿತು. ಇಪ್ಪತ್ತು ವರ್ಷ ಹೆಂಡತಿಯ ಅಡುಗೆಯನ್ನು ಬೈದುಕೊಂಡೇ ಉಂಡವನು ಮರಿ ಕಡಿಸಿ ನೆಂಟರಿಗೆಲ್ಲ ಊಟ ಹಾಕಿದ. ಮಾತ್ರೆಯನ್ನೂ ಬಿಟ್ಟ. ವರ್ಷ ತುಂಬಿದಾಗ ಅವಳು ನೆನಪಿಸಿದಳು. "ನಾ ಸಾಯ್ಲಿ ಅಂತ ಕಾಯ್ತಿದೀಯಾ?" ಎಂದು ಕಪಾಳಕ್ಕೆ ಹೊಡೆದ. ಎರಡನೆಯ ವರ್ಷವೂ ನೆನಪಿಸಿದಳು, ಕೈಗೆ ಸಿಗದಷ್ಟು ದೂರ ನಿಂತು. ಮೂರನೆಯ ವರ್ಷ ಸುಮ್ಮನಿದ್ದಳು.

ಈ ಸಲ ಕ್ಯಾಮೆರಾ ಕೆಳಗೆ ಇಳಿಯಲೇ ಇಲ್ಲ. ಗಡ್ಡೆ ದಾರಿ ಕಟ್ಟಿತ್ತು. ಸ್ಕ್ಯಾನಿನಲ್ಲಿ ನೋಡಿದರೆ ಲಿವರಿಗೂ ಹರಡಿತ್ತು. ಡಾಕ್ಟರು ಹಳೆಯ ರಿಪೋರ್ಟು ಮಗುಚಿ ಹಾಕಿದರು. "ಕರೆದಾಗ ಬಂದಿದ್ರೆ ಆ ಪದರಾನ ಸುಟ್ಟು ತೆಗೀಬಹುದಿತ್ತು. ಯಾಕೆ ಬರ್ಲಿಲ್ಲ?"

"ಇವಳು ನೆನಪು ಮಾಡ್ಲಿಲ್ರಿ" ಎಂದ ಮಾಸ್ತಪ್ಪ.

ಡಾಕ್ಟರು ಅವಳ ಕಡೆ ನೋಡಿದರು. ಅವಳು ನೆಲ ನೋಡಿದಳು. ಮೂರನೆಯ ವರ್ಷದ ಮಟ್ಟಿಗೆ ಅದು ಸುಳ್ಳಾಗಿರಲಿಲ್ಲ.

ಊರಿಗೆ ಮರಳಿದ ಮೇಲೂ ನೋಡಲು ಬಂದವರಿಗೆಲ್ಲ ಅವನದು ಅದೇ ಮಾತು. ಸೊರಬದಿಂದ ತಂಗಿ ಮಮತಾ ಬಂದಾಗ ಅವಳ ಕೈ ಹಿಡಿದು ಅತ್ತ. "ನಿಮ್ಮತ್ತಿಗೆ ಒಂದು ಮಾತು ಹೇಳಿದ್ರೆ ನಾ ಉಳೀತಿದ್ದೆ ಕಣವ್ವಾ."

"ನಿನ್ನ ಬಾಯಿಗೇನಾಗಿತ್ತು ಅತ್ತಿಗೆ?" ಮಮತಾ ಒಳಗೆ ಕೇಳುವಂತೆ ಕೂಗಿದಳು.

ಅಡುಗೆಮನೆಯಲ್ಲಿ ಉಚ್ಚಂಗಮ್ಮ ಗಂಜಿ ಸೋಸಲು ಲೋಟದ ಮೇಲೆ ತೆಳುಬಟ್ಟೆ ಹಾಸಿದ್ದಳು. ಒಂದು ಅಗುಳು ಹೋದರೂ ಅವನಿಗೆ ಸಿಕ್ಕಿಕೊಳ್ಳುತ್ತಿತ್ತು. ಕೂಗು ಕೇಳಿ ಗಂಜಿಯ ಪಾತ್ರೆ ಕೆಳಗಿಟ್ಟಳು. ಆಮೇಲೆ ಬಟ್ಟೆಯನ್ನು ತೆಗೆದು ಗೂಟಕ್ಕೆ ಹಾಕಿ, ಗಂಜಿಯನ್ನು ಇದ್ದ ಹಾಗೆಯೇ ಸುರಿದಳು. ಅಗುಳುಗಳು ಒಂದೊಂದಾಗಿ ಲೋಟದ ತಳಕ್ಕೆ ಇಳಿದವು.