ಬನಿಯನ್ ಅಂಗಡಿಯ ನಕ್ಷತ್ರ

ನನ್ನ ಮದುವೆ ಒಂದು ನಕ್ಷತ್ರಕ್ಕೆ ಸಿಕ್ಕಿಹಾಕಿಕೊಂಡಿತ್ತು. ಆಕಾಶದ್ದಲ್ಲ. ಎರಡು ತ್ರಿಕೋನಗಳನ್ನು ಒಂದರ ಮೇಲೊಂದು ತಲೆಕೆಳಗಾಗಿ ಕೂರಿಸಿದ ಆರು ಮೂಲೆಯ ನಕ್ಷತ್ರ, ನಮ್ಮ ಯೆಹೂದಿ ಪ್ರಾರ್ಥನಾ ಮಂದಿರದ ಗುರುತು. ಅಲ್ಲಿ ಪ್ರಾರ್ಥನೆ ಹಾಡಿಸುವವರು ನಮ್ಮಪ್ಪ. ವಾರವಾರ ಅವರು ಮನೆಯ ಕಂಪ್ಯೂಟರಿನಲ್ಲಿ ಪ್ರಾರ್ಥನೆಯ ಹಾಳೆ ಟೈಪ್ ಮಾಡಿ, ನಾನು ಕೆಲಸ ಮಾಡುವ ಮುದ್ರಣಾಲಯಕ್ಕೆ ಕಳಿಸುತ್ತಿದ್ದರು. ನಮ್ಮ ಫಾಂಟಿನಲ್ಲಿ ಆ ನಕ್ಷತ್ರವೇ ಇರಲಿಲ್ಲ. ಹಾಗಾಗಿ ಹಾಳೆಯ ನೆತ್ತಿಯ ಮೇಲೆ ಪ್ರತಿ ಸಲವೂ ಒಂದು ಖಾಲಿ ಚೌಕ ಅಚ್ಚಾಗುತ್ತಿತ್ತು.

ಫಾಂಟು ಮಾಡಿದವನು ನನ್ನ ಪಕ್ಕದ ಮೇಜಿನ ಗಡಿಬಿಡಿ. ಎಲ್ಲರೂ ಅವನನ್ನು ಹಾಗೇ ಕರೆಯುತ್ತಾರೆ, ಹೆತ್ತ ತಾಯಿ ಕೂಡ. ಅವನನ್ನೇ ಮದುವೆಯಾಗುತ್ತೇನೆಂದು ನಾನು ಹಟ ಹಿಡಿದಾಗ ಅಪ್ಪ ಅವನ ಮೂಗಿನ ಮುಂದೆ ಪ್ರಾರ್ಥನೆಯ ಹಾಳೆ ಹಿಡಿದರು.

"ನಮ್ಮ ನಕ್ಷತ್ರವನ್ನ ಡಬ್ಬಿ ಮಾಡಿ ಕಳಿಸೋನಿಗೆ ಮಗಳನ್ನ ಕೊಡ್ಲಾ? ಮೊದಲು ಇದನ್ನ ಸರಿ ಮಾಡು. ಆಮೇಲೆ ಮಾತು."

ಗಡಿಬಿಡಿ ಅವತ್ತೇ ನಕ್ಷತ್ರ ಬರೆದ. ಮುದ್ದಾಗಿತ್ತು. ಆದರೆ ಅದನ್ನು ಕೂರಿಸಲು ಕೀಲಿಮಣೆಯಲ್ಲಿ ಜಾಗ ಬೇಕಲ್ಲ. ಜಾಹೀರಾತುಗಳಲ್ಲಿ 'ಷರತ್ತುಗಳು ಅನ್ವಯ' ಎನ್ನಲು ಹಾಕುತ್ತಾರಲ್ಲ, ಆ ಪುಟ್ಟ * ಚಿಹ್ನೆ, ಅದನ್ನು ಎತ್ತಿ ಆಚೆ ಹಾಕಿ ಅಲ್ಲಿ ನಮ್ಮ ✡ ಕೂರಿಸಿದ.

"ನಿಮ್ಮಪ್ಪ ಒಂದು ಸಲ ಒತ್ತಿದ್ರೆ ಸಾಕು, ನಕ್ಷತ್ರ ಹಾಜರು," ಎಂದು ಬೀಗಿದ. ನಾನೂ ಬೀಗಿದೆ. ಪ್ರೀತಿಯಲ್ಲಿ ಬಿದ್ದವರ ಬುದ್ಧಿ ರಜೆಯ ಮೇಲಿರುತ್ತದೆ.

ಪ್ರಾರ್ಥನೆಯ ಹಾಳೆ ಕಂಡು ಅಪ್ಪ ಅರಳಿ ಹೋದರು. ನಾನು ಸೀರೆಯ ಬಣ್ಣ ಯೋಚಿಸತೊಡಗಿದೆ. ಅಷ್ಟರಲ್ಲಿ ಅದೇ ಫಾಂಟಿನಲ್ಲಿ ಊರಿನ ಬಾಕಿ ಕೆಲಸಗಳೂ ಅಚ್ಚಾಗುತ್ತಿದ್ದವು. ಹಲ್ಲಿನ ಡಾಕ್ಟರ 'ನೋವೇ ಇಲ್ಲ✡'. ಕುಕ್ಕರ್ ರಿಪೇರಿಯವನ 'ವರ್ಷದ ಗ್ಯಾರಂಟಿ✡'. ಬನಿಯನ್ ಅಂಗಡಿಯವನಿಗಂತೂ ಆ ಷರತ್ತಿನ ಚಿಹ್ನೆ ಎಂದರೆ ಪ್ರಾಣ. ತನ್ನ ಕರಪತ್ರದ ತಲೆಗೆ ಮುಷ್ಟಿಯಷ್ಟು ದೊಡ್ಡದೊಂದು ಹಾಕಿಸಿ, ಕೆಳಗೆ 'ಚಡ್ಡಿ, ಬನಿಯನ್ ಅರ್ಧ ಬೆಲೆಗೆ' ಎಂದು ಬರೆಸಿ, ನಮ್ಮ ಬೀದಿಗಳಿಗೆಲ್ಲ ಹಂಚಿಸಿಬಿಟ್ಟ.

ಮರುದಿನ ಬೆಳಿಗ್ಗೆ ಅಪ್ಪ ಅದನ್ನು ಹಿಡಿದು ಮುದ್ರಣಾಲಯಕ್ಕೆ ನುಗ್ಗಿದರು.

"ಚಡ್ಡಿ ಮೇಲೆ ನಕ್ಷತ್ರ ಕೂರಿಸಿದ್ದೀಯಲ್ಲೋ. ನಮ್ಮವರ ಮನೆಗಳಿಂದ ಒಂದೊಂದನ್ನೂ ಇವತ್ತೇ ವಾಪಸ್ ತರ್ಬೇಕು. ಒಂದು ಉಳಿದ್ರೂ ಮದುವೆ ಮಾತು ಎತ್ತಬೇಡ. ನಾನೂ ಜೊತೆಗೆ ಬರ್ತೀನಿ, ನಿನ್ನ ನಂಬಲ್ಲ."

ಮೂವರೂ ಹೊರಟೆವು. ಮುಂದೆ ಅಪ್ಪ, ಹಿಂದೆ ಗಡಿಬಿಡಿ, ಅವನ ಹಿಂದೆ ನಗು ತಡೆದು ಹೊಟ್ಟೆ ಹಿಡಿದುಕೊಂಡ ನಾನು. ಟೈಲರು ಕರಪತ್ರವನ್ನು ಅಲುಗಾಡುವ ಮೇಜಿನ ಕಾಲಡಿ ಮಡಚಿ ಇಟ್ಟಿದ್ದ. ಗಡಿಬಿಡಿ ತನ್ನ ಬಸ್ ಟಿಕೆಟ್ ಇಟ್ಟು ಅದನ್ನು ಬಿಡಿಸಿಕೊಂಡ. ಮೇಷ್ಟ್ರ ಹೆಂಡತಿ ಅರ್ಧ ಬೆಲೆಯ ಆಸೆಗೆ ಕೊಡಲೇ ಒಲ್ಲೆ ಎಂದರು. ಗಡಿಬಿಡಿ ಅಂಗಡಿಯ ವಿಳಾಸ ಬರೆದುಕೊಟ್ಟು, ಕಾಲಿಗೆ ಬಿದ್ದಷ್ಟು ಮಾಡಿ ಇಸಿದುಕೊಂಡ.

ಕೊನೆಯ ಮನೆಯ ಮುಂದೆ ಅಪ್ಪ ನಿಂತುಬಿಟ್ಟರು. ಅದು ಅವರ ಅಕ್ಕನ, ನಮ್ಮ ಅತ್ತೆಯ ಮನೆ. ಒಮ್ಮೆ ಪ್ರಾರ್ಥನೆಯ ನಡುವೆ ಅಪ್ಪನ ರಾಗ ಜಾರಿದಾಗ ಅತ್ತೆ ಕಿಸಕ್ಕನೆ ನಕ್ಕಿದ್ದಳು. ಅಪ್ಪ ಎಲ್ಲರೆದುರು ಬೈದಿದ್ದರು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಬಾಗಿಲು ತೆರೆದೇ ಇತ್ತು. ಅತ್ತೆ ಊದಿದ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕುಳಿತಿದ್ದಳು. ಪಕ್ಕದ ಗೋಡೆಯ ಮೇಲೆ ಬನಿಯನ್ ಅಂಗಡಿಯ ಕರಪತ್ರ ನೀಟಾಗಿ ಅಂಟಿತ್ತು.

"ಬಂದೆಯಾ," ಎಂದಳು. "ಕಾಲು ಕೈಕೊಟ್ಟ ಮೇಲೆ ಮಂದಿರದವರು ನನ್ನ ಮರೆತೇ ಬಿಟ್ರು ಅಂದ್ಕೊಂಡಿದ್ದೆ. ಬಾಗಿಲ ಸಂದೀಲಿ ಇದು ಬಂತು. ಕನ್ನಡಕ ಒಡೆದಿದೆ, ನಕ್ಷತ್ರ ಬಿಟ್ಟು ಇನ್ನೇನೂ ಕಾಣಲ್ಲ. ನೀನೇ ಕಳಿಸಿದ್ದು ಅಂತ ಗೊತ್ತು ಕಣೋ. ಏನು ಬರೆದಿದ್ದೀಯ, ಓದು."

ಗಡಿಬಿಡಿ ಕರಪತ್ರ ಕೀಳಲು ಕೈ ಚಾಚಿದ. ಅಪ್ಪ ಅವನ ಕೈ ಸರಿಸಿ, ತಾವೇ ಮೆಲ್ಲಗೆ ಬಿಡಿಸಿಕೊಂಡು ಗಂಟಲು ಸರಿಮಾಡಿಕೊಂಡರು. ನಾನು ಬಾಯಿಗೆ ಸೆರಗು ತುರುಕಿಕೊಂಡೆ.

"ಅಕ್ಕನಿಗೆ ನಮಸ್ಕಾರ," ಎಂದು ಅಪ್ಪ ಓದಿದರು. "ನಾವೆಲ್ಲ ಚೆನ್ನಾಗಿದ್ದೀವಿ. ನೀನೂ..." ಮುಂದಿನ ಸಾಲಿಗೆ ಕಣ್ಣು ಹಾಯಿಸಿದರು. ಅಲ್ಲಿ ಚಡ್ಡಿಗಳ ಅಳತೆ ಇತ್ತು. "ನನ್ನ ಮಗಳ ಮದುವೆ ನಿಶ್ಚಯ ಆಗಿದೆ. ನೀನು ಬರಲೇಬೇಕು."

ನನ್ನ ನಗು ಅಲ್ಲೇ ನಿಂತಿತು. ಗಡಿಬಿಡಿಯ ಕಂಕುಳಿನ ಕಟ್ಟು ಜಾರಿ ಕರಪತ್ರಗಳೆಲ್ಲ ನೆಲದ ತುಂಬ ಚೆಲ್ಲಿದವು.

"ಹುಡುಗ ಯಾರೋ?"

ಅಪ್ಪ ತಿರುಗಿಯೂ ನೋಡದೆ ಗಡಿಬಿಡಿಯ ಕಾಲರ್ ಹಿಡಿದು ಮುಂದಕ್ಕೆಳೆದರು. "ಇವನೇ. ಸ್ವಲ್ಪ ಪೆದ್ದ. ಕೆಲಸ ಮಾತ್ರ ಚೆನ್ನಾಗಿ ಮಾಡ್ತಾನೆ."

ನನಗೆ ಅಲ್ಲೇ ಒಂದು ಸುತ್ತು ಕುಣಿದುಬಿಡಬೇಕು ಅನ್ನಿಸಿತು. ಅತ್ತೆ ಅವನನ್ನು ಹತ್ತಿರ ಕರೆದು ಗಲ್ಲ ಸವರಿದಳು. ಆಮೇಲೆ ಅಪ್ಪನ ಕಡೆ ತಿರುಗಿ, "ಇನ್ನೊಂದು ಸಲ ಓದು," ಎಂದಳು.

ಅಪ್ಪ ಮತ್ತೆ ಓದಿದರು. ಈ ಸಲ ದನಿ ಸಣ್ಣದಾಗಿತ್ತು. ಕೊನೆಗೆ ಬಂದರೂ ನಿಲ್ಲಿಸಲಿಲ್ಲ.

"ಮದುವೆ ದಿನ ನೀನು ಮುಂದಿನ ಸಾಲಲ್ಲಿ ಕೂರಬೇಕು. ನಾನು ಹಾಡುವಾಗ ನಗು ಬಂದ್ರೆ ನಗು. ತಪ್ಪು ನಂದು ಅಕ್ಕ."

ಅತ್ತೆ ಕೈ ಚಾಚಿ ಕರಪತ್ರ ಮುಟ್ಟಿದಳು. "ಆಗ ಇದನ್ನ ಓದಲಿಲ್ಲವಲ್ಲೋ. ಇದೂ ಬರೆದಿದೆಯಾ ಅದರಲ್ಲಿ?"

"ಬರೆದಿದೆ," ಎಂದರು ಅಪ್ಪ, ಕಣ್ಣೊರೆಸಿಕೊಳ್ಳುತ್ತ. "ಕೆಳಗಡೆ, ಸಣ್ಣ ಅಕ್ಷರದಲ್ಲಿ."